ಹೊಸದಾಗಿ ಡೈರಿ ಅಧ್ಯಕ್ಷೆಯಾದವರಿಗೆ: ಸಾಲಿನಲ್ಲಿ ನಿಂತವರೊಡನೆ ಮಾತನಾಡುವುದು ಹೇಗೆ

ಊರೂರಿನ ಸಂಘಗಳಿಂದ ಹಾಲು ಕೊಳ್ಳುವ ಒಕ್ಕೂಟದವರು ಹಾಲಿನ ದರ ಇಳಿಸಿದರೆ ಸುತ್ತೋಲೆ ಬರುವುದು ಸಂಜೆ. ಬೈಗುಳ ಬೀಳುವುದು ಮಾರನೆಯ ಬೆಳಗ್ಗೆ, ಅದೂ ಅಧ್ಯಕ್ಷೆಯ ತಲೆಗೆ. ನಾನು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಒಂದು ಅವಧಿ ಅಧ್ಯಕ್ಷೆಯಾಗಿದ್ದವಳು. ತರಬೇತಿಗೆ ಕರೆದವರು ಮೈಕ್ ಹಿಡಿಯುವುದನ್ನು ಚೆನ್ನಾಗಿಯೇ ಕಲಿಸಿದರು. ಆದರೆ ಮೈಕ್ ಕೈಗೆ ಸಿಗುವುದು ವರ್ಷಕ್ಕೊಮ್ಮೆ. ಹಾಲು ಹಾಕಲು ಸಾಲು ನಿಂತವರೆದುರು, ಕ್ಯಾನಿನ ಪಕ್ಕ ನಿಂತು ಬಾಯಿ ಬಿಡಬೇಕಾಗುವುದು ದಿನಕ್ಕೆ ಎರಡು ಹೊತ್ತು.

ದರ ಇಳಿದ ಸುದ್ದಿಯನ್ನು ಮೊದಲು ನೀವೇ ಹೇಳಿ. ರಾತ್ರಿಯೇ ಡೈರಿಗೆ ಹೋಗಿ ಹಲಗೆಯ ಮೇಲೆ ಹಳೆಯ ದರ, ಹೊಸ ದರ, ಯಾವ ತಾರೀಖಿನಿಂದ, ಇಳಿಸಿದವರು ಯಾರು ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆಯಿಸಿ. ಸರ್ಕಾರದ ಪ್ರೋತ್ಸಾಹಧನಕ್ಕೆ ಬೇರೆಯದೇ ಸಾಲು ಇರಲಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 2016ರಲ್ಲಿ 5 ರೂಪಾಯಿಗೆ ಏರಿದ ಹಣ ಅದು. ಒಕ್ಕೂಟದ ದರಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ, ದರ ಇಳಿದ ದಿನವೇ ‘ಸರ್ಕಾರದ ದುಡ್ಡನ್ನು ಸಂಘದವರು ನುಂಗಿದರು’ ಎಂಬ ಮಾತು ಊರಿಡೀ ಸುತ್ತುತ್ತದೆ. ಆಮೇಲೆ ಲೆಕ್ಕ ತೋರಿಸಿದರೂ ಯಾರೂ ನೋಡುವುದಿಲ್ಲ.

ನಷ್ಟವನ್ನು ಅವರವರ ಹಾಲಿನ ಲೆಕ್ಕದಲ್ಲೇ ಹೇಳಿ. ಲೀಟರಿಗೆ 2 ರೂಪಾಯಿ ಇಳಿದರೆ ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ತಿಂಗಳಿಗೆ 600 ರೂಪಾಯಿ ಕಡಿಮೆ. ‘ಅಲ್ಪಸ್ವಲ್ಪ ವ್ಯತ್ಯಾಸ ಅಷ್ಟೇ’ ಎಂದು ಸಮಾಧಾನ ಹೇಳಲು ಹೋಗಬೇಡಿ. ಅವರಿಗೆ ಅದು ಒಂದಿಷ್ಟು ಹಿಂಡಿಯ ದುಡ್ಡು.

ಇನ್ನು ಫ್ಯಾಟ್, ಅಂದರೆ ಹಾಲಿನ ಜಿಡ್ಡಿನ ಜಗಳ. ಅದು ಇಳಿದರೆ ಸಿಗುವ ದರವೂ ಇಳಿಯುತ್ತದೆ. ಅಧ್ಯಕ್ಷೆಯ ಮಾತಿನ ತೂಕ ಗೊತ್ತಾಗುವುದು ಇಲ್ಲೇ. ನಮ್ಮಲ್ಲಿ ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್ಎನ್ಎಫ್ (ಜಿಡ್ಡು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎಂಬ ಅಳತೆ, ಎರಡೂ ಶೇಕಡಾ ಲೆಕ್ಕ. ಯಂತ್ರದಲ್ಲಿ ಫ್ಯಾಟ್ 3.1 ಬಂತೆನ್ನಿ. ಕ್ಯಾನ್ ಹಿಡಿದ ಅಕ್ಕನ ಮುಖ ಕೆಂಪಾಗುತ್ತದೆ, ಹಿಂದಿನವರು ಕತ್ತು ಚಾಚುತ್ತಾರೆ. ಆಗ ‘ನೀರು ಸೇರಿದೆಯಾ?’ ಎಂಬ ಮಾತು ನಗುನಗುತ್ತ ಕೂಡ ಬರಬಾರದು. ಒಮ್ಮೆ ಹಾಗೆ ಕೇಳಿಸಿಕೊಂಡ ಮನೆಯವರು ಖಾಸಗಿ ವ್ಯಾಪಾರಿಗೆ ಹಾಲು ಹಾಕತೊಡಗುತ್ತಾರೆ. ಆ ಮನೆ ಮತ್ತೆ ಡೈರಿಗೆ ಬರುವುದು ಕಷ್ಟ.

ಮೊದಲು ಹಾಲನ್ನು ಸೌಟಿನಿಂದ ಮೇಲೆ ಕೆಳಗೆ ಚೆನ್ನಾಗಿ ಕಲಕಿಸಿ, ಅವರ ಕಣ್ಣೆದುರೇ ಮತ್ತೊಂದು ಮಾದರಿ ತೆಗೆಯಿಸಿ. ಕಲಕದೆ ತೆಗೆದ ಮಾದರಿಯ ಅಂಕಿಯನ್ನು ನಂಬುವ ಹಾಗಿಲ್ಲ. ಎರಡನೆಯ ಸಲವೂ ಅಷ್ಟೇ ಬಂದರೆ ಅವರನ್ನು ಪಕ್ಕಕ್ಕೆ ಕರೆಯಿರಿ.

“ಅಕ್ಕಾ, ಕರು ಹಾಕಿ ಎಷ್ಟು ದಿನವಾಯಿತು?”

“ತಿಂಗಳಾಯಿತು.”

“ಕರುವನ್ನು ಮೊದಲು ಬಿಡುತ್ತೀರೋ, ಕೊನೆಗೋ?”

“ಕೊನೆಗೇ. ಪಾಪ, ಅದೂ ಕುಡಿಯಬೇಕಲ್ಲ.”

ಉತ್ತರ ಸಿಕ್ಕಿತು. ಕೆಚ್ಚಲಿನಿಂದ ಕೊನೆಗೆ ಇಳಿಯುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದು ಕರುವಿನ ಹೊಟ್ಟೆಗೆ, ಮೊದಲು ಇಳಿದ ತೆಳು ಹಾಲು ನಮ್ಮ ಕ್ಯಾನಿಗೆ. ಒಣಹುಲ್ಲು ಹಾಕದೆ ಬರೀ ಎಳೆಯ ಹಸಿಮೇವು ಹಾಕಿದರೂ ಫ್ಯಾಟ್ ಇಳಿಯುತ್ತದೆ. ಕಾರಣ ಹಸುವಿನಲ್ಲಿ, ಮೇವಿನಲ್ಲಿ, ಹಾಲು ಕರೆಯುವ ರೀತಿಯಲ್ಲಿ ಇರಬಹುದು ಎಂದು ತೋರಿಸಿಕೊಟ್ಟರೆ ಅವರ ಮರ್ಯಾದೆ ಉಳಿಯುತ್ತದೆ, ನಾಳೆಯ ಹಾಲೂ ಸುಧಾರಿಸುತ್ತದೆ. ಇಷ್ಟು ಕೇಳಲು ಅಧ್ಯಕ್ಷೆಗೆ ಹಸುವಿನ ವಿಷಯ ಗೊತ್ತಿರಬೇಕು ಅನ್ನಿ. ಕೊಟ್ಟಿಗೆಗೆ ಕಾಲಿಡದವರು ಈ ಕುರ್ಚಿಗೆ ಬರುವುದೇ ಬೇಡ ಎಂಬುದು ನನ್ನ ಅಭಿಪ್ರಾಯ.

ಅಂಕಿ ಬರೆದುಕೊಳ್ಳುವ ಕಾರ್ಯದರ್ಶಿಯ ತಪ್ಪಿದ್ದರೆ ಸಾಲಿನೆದುರು ಗದರಬೇಡಿ, ಹಾಗೆಂದು ಸಮರ್ಥಿಸಲೂ ಬೇಡಿ. “ಅಂಕಿ ತಪ್ಪಾಗಿದೆ, ಈ ಬಟವಾಡೆಯಲ್ಲೇ ಸರಿಪಡಿಸುತ್ತೇವೆ” ಎಂದು ಅಲ್ಲೇ ಹೇಳಿ, ಪುಸ್ತಕದಲ್ಲಿ ತಿದ್ದಿಸಿ. ಬೈಯುವುದೇನಿದ್ದರೂ ಶಟರ್ ಎಳೆದ ಮೇಲೆ.

ಸೆಪ್ಟೆಂಬರ್ ಮುಗಿಯುವುದರೊಳಗಿನ ವಾರ್ಷಿಕ ಮಹಾಸಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಘದ ಲಾಭದಲ್ಲಿ ಹಾಲು ಹಾಕಿದವರಿಗೆ ಹಂಚುವ ಬೋನಸ್ ಎಷ್ಟೆಂದು ಮೊದಲೇ ಹೇಳಿಬಿಡಿ. ಅದು ತಿಳಿಯುವ ತನಕ ಜಮಾಖರ್ಚು ಯಾರ ಕಿವಿಗೂ ಬೀಳುವುದಿಲ್ಲ. “ಯಾರಿಗಾದರೂ ಪ್ರಶ್ನೆ ಇದೆಯೇ?” ಎಂದು ಕೇಳಿದರೆ ಮುಂದಿನ ಸಾಲಿನ ಅದೇ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಗೋಡೆಗೊರಗಿ ಕುಳಿತವರನ್ನು ಹೆಸರು ಹಿಡಿದು, ಉತ್ತರಿಸಲು ಬರುವಂಥದ್ದನ್ನೇ ಕೇಳಿ: “ನಿಮಗೆ ಈ ಸಲ ಪಶು ಆಹಾರದ ಚೀಲ ಸಮಯಕ್ಕೆ ಸಿಕ್ಕಿತೇ?” ಅವರು ಹೇಳಿದ್ದು ನಡಾವಳಿಗೆ ಹೋಗಲಿ, ಸಹಿಗೆ ಮುಂಚೆ ಜೋರಾಗಿ ಓದಿಸಿ.

ಒಕ್ಕೂಟದವರೊಡನೆ ಮಾತ್ರ ಬಾಯಿಮಾತು ಸಾಲದು. ಫೋನಿನಲ್ಲಿ ಎಲ್ಲರೂ “ಆಗಲಿ ಮೇಡಂ” ಎನ್ನುವವರೇ. ಒಂದು ಹಾಳೆಯಲ್ಲಿ ಒಂದೇ ಬೇಡಿಕೆ ಬರೆದು, ತಾರೀಖು ಹಾಕಿ ಕೊಡಿ. ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ. ಆ ನಕಲನ್ನು ದರದ ಹಲಗೆಯ ಪಕ್ಕದಲ್ಲೇ ಅಂಟಿಸಿ. ಕೇಳಿದವರಿಗೆ ಅದನ್ನೇ ತೋರಿಸಬಹುದು.