ಹಾರ್ನ್ ವೈರಿಗೆ ಕಟ್ಟಿದ ಸಾಕೆಟ್

ಕಬ್ಬು ಕಟಾವಿನ ಸೀಸನ್‌ನಲ್ಲಿ ಪಾಂಡವಪುರದಿಂದ ಮಂಡ್ಯಕ್ಕೆ ರಾತ್ರಿ ಹೊತ್ತು ಹಾರ್ನ್ ಇಲ್ಲದ ಬೈಕ್ ಓಡಿಸಿಕೊಂಡು ಬಂದಿದ್ದೀರಾ? ನಾನು ಬಂದಿದ್ದೇನೆ. ಮುಂದೆ ಎರಡು ಟ್ರೈಲರ್ ಎಳೆದುಕೊಂಡು ತೂಗಾಡುತ್ತಾ ಹೋಗುವ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ, ಮೇಲೆ ಡ್ರೈವರ್ ಜೋರಾಗಿ ಹಾಡು ಹಾಕಿಕೊಂಡಿದ್ದಾನೆ. ನನ್ನ ಬೈಕಲ್ಲಿ ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಬ್ರೇಕ್ ಹಿಡಿದರೆ ಬ್ರೇಕ್ ಲೈಟೂ ಇಲ್ಲ. ಪುಣ್ಯಕ್ಕೆ ಹೆಡ್‌ಲೈಟ್ ಉಳಿದಿತ್ತು. ಇಷ್ಟಕ್ಕೆಲ್ಲ ಕಾರಣ ಹ್ಯಾಂಡಲ್ ಮೇಲೆ ಕೂತಿದ್ದ ಒಂದು ಪುಟ್ಟ ಸಾಕೆಟ್.

ನನ್ನದು ಹನಿ ನೀರಾವರಿ ಸಾಮಾನಿನ ಕೆಲಸ. ಬೆಳಿಗ್ಗೆ ಮಂಡ್ಯ ಬಿಟ್ಟರೆ ನಾಗಮಂಗಲ, ಕೆ.ಆರ್. ಪೇಟೆ, ಒಮ್ಮೊಮ್ಮೆ ಮೈಸೂರು. ದಿನವಿಡೀ ಮ್ಯಾಪ್, ರೈತರ ಫೋನು, ಫೋಟೊ. ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲ್ ಮಲಗಿಬಿಡೋದು. ಅದಕ್ಕೇ ಮೈಸೂರಿನ ಒಂದು ಅಂಗಡಿಯಲ್ಲಿ ಲೈಟರ್ ಸಾಕೆಟ್ ಹಾಕಿಸಿದೆ, ಕಾರಲ್ಲಿರುತ್ತಲ್ಲ, ಅಂಥದ್ದೇ. ಹುಡುಗ ಹದಿನೈದು ನಿಮಿಷದಲ್ಲಿ ಮುಗಿಸಿ ಕೈ ಒರೆಸಿಕೊಂಡ. ಅದಕ್ಕೆ ಯುಎಸ್‌ಬಿ ಚಾರ್ಜರ್ ಸಿಕ್ಕಿಸಿಕೊಂಡು ನಾಲ್ಕು ತಿಂಗಳು ಆರಾಮಾಗಿ ಓಡಾಡಿದೆ.

ಆಮೇಲೆ ಟೈರಿಗೆ ಗಾಳಿ ತುಂಬುವ ಸಣ್ಣ ಪಂಪ್ ತಂದೆ. ಕಬ್ಬಿನ ಗದ್ದೆಯ ದಾರಿಯಲ್ಲಿ ಪಂಕ್ಚರ್ ಆದರೆ ಅಂಗಡಿ ಹುಡುಕಿಕೊಂಡು ಎಷ್ಟು ದೂರ ತಳ್ಳಬೇಕೋ ಗೊತ್ತಿಲ್ಲ. ಅವತ್ತು ಸಂಜೆ ಹಿಂದಿನ ಟೈರ್ ಇಳಿದಿತ್ತು. ಟ್ಯೂಬ್‌ಲೆಸ್ ಆದ್ದರಿಂದ ಗಾಳಿ ತುಂಬಿಕೊಂಡು ಮನೆ ಸೇರೋಣ ಅಂತ ಪಂಪನ್ನು ಸಾಕೆಟ್‌ಗೆ ಹಾಕಿದೆ. ಒಂದೆರಡು ನಿಮಿಷ ಚೆನ್ನಾಗೇ ಓಡಿತು. ಟೈರ್ ಕೂತಿದ್ದು ಎದ್ದಿತು. ಅಷ್ಟರಲ್ಲಿ ಟ್ಯಾಂಕ್ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಟಪ್ ಅಂತ ಪಂಪ್ ನಿಂತಿತು. ಅದರ ಜೊತೆ ಮೇಲೆ ಹೇಳಿದ್ದೆಲ್ಲ ನಿಂತಿತು.

ಮರುದಿನ ಗುತ್ತಲು ರಸ್ತೆಯ ಹತ್ತಿರ ಹಳೇ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋದೆ. ಟ್ಯಾಂಕ್ ಎತ್ತಿ ನೋಡಿ ನಕ್ಕರು. "ಹಾರ್ನ್ ವೈರಿಗೆ ಸುತ್ತವ್ನೆ ಕಣಪ್ಪ. ಫೋನಿಗೆ ಸಾಕು ಇದು. ನೀನು ಗಾಳಿ ಹೊಡ್ಯಕ್ಕೆ ಹೋಗಿದ್ದೀಯಲ್ಲ, ಎತ್ತಿನಗಾಡಿಗೆ ಲಾರಿ ಲೋಡ್ ಹಾಕ್ದಂಗೆ!" ಕಂಪನಿ ವೈರನ್ನು ನಡುವೆ ಸುಲಿದು, ಎಳೆ ಸುತ್ತಿ, ಮೇಲೆ ಕಪ್ಪು ಟೇಪು. ಆ ಗಂಟು ಬಿಸಿಯಾಗಿ ಟೇಪ್ ಕರಗಿ, ಬರಿ ತಾಮ್ರ ಫ್ರೇಮಿಗೆ ತಾಕಿತ್ತು. ಫ್ಯೂಸ್ ಹಾರಿತು. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮೂರಕ್ಕೂ ಸೇರಿ ಇದ್ದದ್ದು ಅದೊಂದೇ ಫ್ಯೂಸ್.

ರಾತ್ರಿ ಕೂತು ಲೆಕ್ಕ ಹಾಕಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಫೋನ್ ಚಾರ್ಜ್‌ಗೆ 5 ವೋಲ್ಟ್, 2 ಆಂಪಿಯರ್, ಅಂದರೆ 10 ವ್ಯಾಟ್. ಬೈಕಿನ 12 ವೋಲ್ಟ್ ಕಡೆಯಿಂದ ನೋಡಿದರೆ ಸುಮಾರು 1 ಆಂಪಿಯರ್. ಪಂಪಿನ ಬೆನ್ನ ಮೇಲೆ ಬರೆದಿರೋದು 10 ಆಂಪಿಯರ್. ಹತ್ತು ಪಟ್ಟು. ಅಂಗಡಿಯವನು ಹಾಕಿದ ವೈರ್ ಅರ್ಧ ಸ್ಕ್ವೇರ್ ಎಂಎಂ ದಪ್ಪದ್ದು. ಹೋಗಿ ಬರುವ ದಾರಿ ಸೇರಿ 3 ಮೀಟರ್ ಅಂದುಕೊಂಡರೂ ಅದರಲ್ಲಿ 10 ಆಂಪಿಯರ್ ಹರಿದರೆ ವೈರೇ 1 ವೋಲ್ಟ್‌ಗಿಂತ ಹೆಚ್ಚು ನುಂಗುತ್ತೆ, 11 ವ್ಯಾಟ್‌ನಷ್ಟು ಶಾಖ. ಒಂದೂವರೆ ಸ್ಕ್ವೇರ್ ಎಂಎಂ ಹಾಕಿದರೆ ಅದು ಮೂರರಲ್ಲಿ ಒಂದಕ್ಕೆ ಇಳಿಯುತ್ತೆ. ಇನ್ನು ಕೈಯಲ್ಲಿ ಸುತ್ತಿದ ಗಂಟಂತೂ ವೈರಿಗಿಂತ ಮೊದಲು ಕಾಯುತ್ತೆ.

ಹಾಗಾಗಿ ಎರಡನೇ ಸಲ ನಾನೇ ಮಾಡಿದೆ, ಆಯುಧಪೂಜೆಗೆ ಬೈಕ್ ತೊಳೆಯೋಕೆ ಅಂತ ಸೀಟು, ಸೈಡ್ ಕವರ್ ಬಿಚ್ಚಿದ್ದ ದಿನ. ಸಾಮಾನು ಹೆಚ್ಚೇನಿಲ್ಲ: ಕೆಂಪು-ಕಪ್ಪು ವೈರ್, ನಾಲ್ಕು ಪಿನ್ನಿನ ರಿಲೇ, 15 ಆಂಪಿಯರ್ ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್, ಲಗ್ಗುಗಳು (ವೈರ್ ತುದಿಗೆ ಹಾಕುವ ಲೋಹದ ಹಿಡಿಗಳು), ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರ್ ಹಿಡಿಯುವ ಕೊಳವೆ), ಕೇಬಲ್ ಟೈ. ಸಾಕೆಟ್ ಹಳೆಯದೇ. ಮಲ್ಟಿಮೀಟರ್ ಮನೆಯಲ್ಲಿತ್ತು. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ವೈರಿನ ಬಣ್ಣ ನಂಬಿಕೊಂಡು ಕೂತರೆ ಕೆಟ್ಟಿರಿ, ಕಂಪನಿಗೊಂದು ಬಣ್ಣ.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಫ್ರೇಮಿಗೆ ತಗುಲಿದರೆ ದೀಪಾವಳಿ ಅಲ್ಲೇ ಆಗುತ್ತೆ.

ರಿಲೇ ಅಂದರೆ ಬೆರಳಿನ ಬದಲು ಕರೆಂಟೇ ಒತ್ತುವ ಸ್ವಿಚ್ಚು. 30 ಅಂತ ಬರೆದಿರುವ ಪಿನ್ನಿಗೆ ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ದಾಟಿ ಬಂದ ವೈರು, 87ರಿಂದ ಸಾಕೆಟ್‌ಗೆ, 85 ಮೈನಸ್‌ಗೆ. 86ಕ್ಕೆ ಮಾತ್ರ ಕೀ ಆನ್ ಮಾಡಿದಾಗ ಕರೆಂಟ್ ಬರುವ ಯಾವುದಾದರೂ ವೈರ್ ಬೇಕು. ನನ್ನ ಬೈಕಲ್ಲಿ ಕೀ ತಿರುಗಿಸಿದ ಕೂಡಲೇ ಹಿಂದಿನ ದೀಪ ಹತ್ತುತ್ತೆ, ಅದರ ಕಪ್ಲರ್, ಅಂದರೆ ವೈರ್‌ಗಳನ್ನು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಿ, ಸೀಟಿನ ಕೆಳಗೇ ಇದೆ. ಅಲ್ಲಿಂದ ತಗೊಂಡೆ. ರಿಲೇಯ ಕಾಯಿಲ್ ಎಳೆಯೋದು ಆಂಪಿಯರ್‌ನಲ್ಲಿ ಆರನೇ ಒಂದು ಪಾಲು ಇರಬಹುದು ಅಷ್ಟೇ, ದೀಪದ ವೈರಿಗೆ ಅದು ಭಾರವೇ ಅಲ್ಲ. ಈ ಸಲ ಕಂಪನಿ ವೈರಿಗೆ ಬ್ಲೇಡ್ ತಾಗಿಸಲಿಲ್ಲ. ಅದೇ ಥರದ ಗಂಡು-ಹೆಣ್ಣು ಕಪ್ಲರ್ ತಂದು ಗೇಣುದ್ದದ ಜೋಡಣೆ ಮಾಡಿ ನಡುವೆ ಸೇರಿಸಿದೆ. ಬೇಡ ಅನ್ನಿಸಿದರೆ ಎಳೆದು ತೆಗೆದರಾಯಿತು.

ಫ್ಯೂಸ್ ಎಲ್ಲಿರಬೇಕು ಅನ್ನೋದರಲ್ಲಿ ನನಗೂ ತಪ್ಪು ತಿಳಿವಳಿಕೆ ಇತ್ತು. ಸಾಕೆಟ್ ಹತ್ತಿರ ಇದ್ದರೆ ಬದಲಾಯಿಸೋಕೆ ಸುಲಭ ಅಲ್ವಾ ಅಂತ ಆ ಹಳೇ ಎಲೆಕ್ಟ್ರಿಷಿಯನ್‌ರನ್ನು ಕೇಳಿದ್ದೆ. "ಫ್ಯೂಸು ವೈರ್ ಕಾಯಕ್ಕೆ ಇರೋದು ಕಣಪ್ಪ, ಫೋನ್ ಕಾಯಕ್ಕಲ್ಲ" ಅಂದರು. ಸಾಕೆಟ್ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಅಷ್ಟೂ ವೈರಿಗೆ ಕಾವಲಿಲ್ಲ. ನಡುದಾರಿಯಲ್ಲಿ ಎಲ್ಲಿ ಉಜ್ಜಿ ಫ್ರೇಮಿಗೆ ತಾಕಿದರೂ ಬ್ಯಾಟರಿ ಪೂರ್ತಿ ಅಲ್ಲೇ ಸುರಿಯುತ್ತೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೇ ಹಾಕಿದೆ.

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ವೈರ್ ಎಳೆಯೋದು. ಟ್ಯಾಂಕ್ ಪೂರ್ತಿ ಬಿಚ್ಚೋಕೆ ಸೋಮಾರಿತನ, ಅದಕ್ಕೇ ಹಳೇ ಕ್ಲಚ್ ಕೇಬಲ್ಲಿನ ಒಳತಂತಿಯನ್ನು ಮುಂದಿನಿಂದ ತೂರಿಸಿ, ಹಿಂದೆ ಹೊರಬಂದ ತುದಿಗೆ ಎರಡೂ ವೈರ್ ಕಟ್ಟಿ ನಿಧಾನಕ್ಕೆ ಎಳೆದೆ. ಹೊರಬಂತು. ಹ್ಯಾಂಡಲ್ ತಿರುಗುವ ಕೋನ್‌ಸೆಟ್ ಹತ್ತಿರ ಮಾತ್ರ ಗಮನ ಬೇಕು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿ ನೋಡಿದೆ, ಸರಿಯಿತ್ತು. ಬಲಕ್ಕೆ ತಿರುಗಿಸಿದರೆ ವೈರ್ ವೀಣೆಯ ತಂತಿಯಂತೆ ಬಿಗಿದುಕೊಂಡಿತು. ಹಾಗೇ ಬಿಟ್ಟಿದ್ದರೆ ದಿನಾ ತಿರುವಿ ತಿರುವಿ ಒಂದು ದಿನ ಒಳಗೇ ತುಂಡಾಗೋದು. ನಾಲ್ಕು ಬೆರಳಷ್ಟು ಸಡಿಲ ಬಿಟ್ಟು, ಕಂಪನಿ ವೈರಿನ ಜೊತೆಗೇ ಅದರ ದಾರಿಯಲ್ಲೇ ಕಟ್ಟಿದೆ.

ಮೈನಸ್ಸನ್ನು ಫ್ರೇಮಿಗೆ ಕೊಡದೆ ಬ್ಯಾಟರಿಗೇ ತಂದೆ. ಫ್ರೇಮಿನ ಮೇಲೆ ಪೇಂಟು, ತುಕ್ಕು, ಅರ್ತ್ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ. ಲಗ್ಗುಗಳನ್ನು ಬೆಸುಗೆ ಹಾಕದೆ ಪ್ಲೈಯರ್‌ನಲ್ಲಿ ಒತ್ತಿ ಕೂರಿಸಿದೆ. ಅದುರುವ ಜಾಗದಲ್ಲಿ ಬೆಸುಗೆ ಮುಗಿಯುವಲ್ಲಿ ಎಳೆಗಳು ಮುರಿಯುತ್ತವೆ.

ಮೈನಸ್ ಹಾಕಿ, ಕೀ ತಿರುಗಿಸಿದಾಗ ಸೀಟಿನ ಕೆಳಗೆ ಟಿಕ್ ಅಂತ ರಿಲೇ ಸದ್ದು. ಮೀಟರಿನಲ್ಲಿ ಸಾಕೆಟ್ ಹತ್ತಿರ 12.6, ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ 14.1. ಕೀ ತೆಗೆದರೆ ಸೊನ್ನೆ. ಈ ಸೊನ್ನೆ ಮುಖ್ಯ. ಬ್ಯಾಟರಿಗೆ ನೇರ ಕಟ್ಟಿದವರ ಯುಎಸ್‌ಬಿ ಚಾರ್ಜರಿನ ಪುಟ್ಟ ನೀಲಿ ದೀಪ ರಾತ್ರಿಯೆಲ್ಲ ಉರಿಯುತ್ತಲೇ ಇರುತ್ತೆ, ಹತ್ತು ದಿನ ಊರಿಗೆ ಹೋಗಿ ಬಂದರೆ ಸೆಲ್ಫ್ ಹಿಡಿಯಲ್ಲ.

ಇದನ್ನು ನೋಡಿ ನಮ್ಮ ಮಾವ ತಮ್ಮ ಯೆಜ್ಡಿಗೂ ಹಾಕಿಕೊಡು ಅಂದರು. ಮೈಸೂರಿನ ಯಾದವಗಿರಿಯ ಫ್ಯಾಕ್ಟರಿಯಿಂದ ಬಂದ ಆ ಹಳೇ ಗಾಡಿಯದು 6 ವೋಲ್ಟ್ ಬ್ಯಾಟರಿ. "ಮಾವ, ನಿಮ್ಮ ಗಾಡಿ ಕರೆಂಟು ಹೆಡ್‌ಲೈಟಿಗೇ ಸಾಲ್ದು" ಅಂದದ್ದಕ್ಕೆ ಎರಡು ದಿನ ಮಾತಾಡಲಿಲ್ಲ.

ಹೋದ ತಿಂಗಳು ತೂಬಿನಕೆರೆ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಮತ್ತೆ ಮುಳ್ಳು ಚುಚ್ಚಿತು. 2023ರ ಆಗಸ್ಟ್‌ನಿಂದ ಬೈಕುಗಳನ್ನು ಎಕ್ಸ್‌ಪ್ರೆಸ್‌ವೇಗೆ ಬಿಡುತ್ತಿಲ್ಲವಲ್ಲ, ನಮಗೆ ಸರ್ವಿಸ್ ರಸ್ತೆಯೇ ಗತಿ. ಇಂಜಿನ್ ಓಡಿಸಿಕೊಂಡೇ ಪಂಪ್ ಹಾಕಿದೆ, ಬರೀ ಬ್ಯಾಟರಿ ಮೇಲೆ ಬಿಟ್ಟರೆ ಆಮೇಲೆ ತಳ್ಳಿ ಸ್ಟಾರ್ಟ್ ಮಾಡಬೇಕಾದೀತು. ನಾಲ್ಕು ನಿಮಿಷ ಓಡಿತು. ಸೀಟ್ ಎತ್ತಿ ವೈರ್ ಮುಟ್ಟಿ ನೋಡಿದೆ, ಸ್ವಲ್ಪ ಬೆಚ್ಚಗಿತ್ತು ಅಷ್ಟೇ. ಸಾಕೆಟ್ಟಿನ ರಬ್ಬರ್ ಮುಚ್ಚಳದ ಪಟ್ಟಿ ಮಾತ್ರ ಬಿಸಿಲಿಗೆ ಹರಿದಿದೆ, ಸದ್ಯಕ್ಕೆ ಇಂಜೆಕ್ಷನ್ ಬಾಟಲಿಯ ರಬ್ಬರ್ ಬಿರಡೆ ತುರುಕಿದ್ದೇನೆ. ಮಳೆಗಾಲಕ್ಕೆ ಮೊದಲು ಹೊಸದು ತರಬೇಕು.