ಅರ್ಜಿ ಯಾವ ದೇಶಕ್ಕೆ ಎಂದು ನಾನು ನಿರ್ಧರಿಸಿದ ಬಗೆ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕನ್ಸಲ್ಟಿಂಗ್ ಸಂಸ್ಥೆಯೊಂದರಲ್ಲಿ ಎಂಟು ವರ್ಷ ಸಿಮೆಂಟ್ ಮತ್ತು ಜವಳಿ ಕಾರ್ಖಾನೆಗಳ ಉತ್ಪಾದನಾ ವೆಚ್ಚ ತಗ್ಗಿಸುವ ಕೆಲಸ ಮಾಡಿದ ಮೇಲೆ, ವಿದೇಶದ ಹುದ್ದೆಗೆ ಹಾಕಿದ ಮೊದಲ ಅರ್ಜಿಯಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ಒಂದೇ ಸಂಸ್ಥೆಗೆ ಲಂಡನ್, ಫ್ರಾಂಕ್‌ಫರ್ಟ್, ಸಿಡ್ನಿ ಮೂರನ್ನೂ ಬರೆದುಕೊಟ್ಟೆ. ಆ ಊರುಗಳು ನನಗೆ ಇಷ್ಟ ಎನ್ನುವುದನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಸಂದರ್ಶನಕ್ಕೂ ಕರೆಯಲಿಲ್ಲ. ಮತ್ತೆ ಅರ್ಜಿ ಹಾಕಲು ಎರಡು ವರ್ಷ ಕಾಯಬೇಕೆಂಬ ಉತ್ತರ ಬಂತು.

ಆ ಯುಗಾದಿಗೆ ಊರಿಗೆ ಬಂದಾಗ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿಯಾಗಿರುವ ಅಪ್ಪನ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ಲೋಡು ಕಳಿಸುವ ಮುಂಚೆ ಅವರು ಯಾವ ಊರಿನ ಕೋಳಿ ಆಹಾರದ ಕಾರ್ಖಾನೆಗೆ ಎಷ್ಟು ಮಾಲು ಬೇಕಿದೆ, ಎಷ್ಟು ತೇವಾಂಶದವರೆಗೆ ಒಪ್ಪುತ್ತಾರೆ ಎಂದು ಫೋನಿನಲ್ಲಿ ವಿಚಾರಿಸಿ, ಕಿರ್ದಿ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ನಾನು ಒಂದು ಕಡೆಯೂ ಹೀಗೆ ವಿಚಾರಿಸಿರಲಿಲ್ಲ. ಅದೇ ಪುಸ್ತಕದಿಂದ ಒಂದು ಹಾಳೆ ಕೇಳಿ ಪಡೆದು ಗೆರೆ ಎಳೆದೆ.

ಮೊದಲು ಬರೆದುಕೊಂಡದ್ದು, ನಾನು ಈಗಾಗಲೇ ಮಾಡಿರುವ ಕೆಲಸಕ್ಕೆ ಗಿರಾಕಿ ಯಾವ ಕಚೇರಿಯಲ್ಲಿದ್ದಾರೆ ಎಂಬುದನ್ನು. ಹೊಸಬರಿಗೆ ಸಂಸ್ಥೆಯೇ ತರಬೇತಿ ಕೊಟ್ಟು ಯಾವ ಪ್ರಾಜೆಕ್ಟಿಗಾದರೂ ಹಾಕಬಹುದು, ಅನುಭವಿಯನ್ನು ಮಾತ್ರ ಅವನ ಅನುಭವಕ್ಕಾಗಿಯೇ ತೆಗೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ ಕಾರ್ಖಾನೆಗಳಿಗೆ ಕೊರತೆಯಿಲ್ಲ, ಆದರೆ ಅಲ್ಲಿನ ಗ್ರಾಹಕರ ಜೊತೆ ಜರ್ಮನ್‌ನಲ್ಲೇ ವ್ಯವಹರಿಸಬೇಕಾಗುವುದರಿಂದ ಅದನ್ನು ಹೊಡೆದುಹಾಕಿದೆ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೂ, 2025ರ ಜುಲೈನಲ್ಲಿ 41,700ಕ್ಕೂ ಏರಿತು. ಅನುಭವಿಗಳಿಗೆ ಆ ಮೊತ್ತವೇನೂ ಅಡ್ಡಿಯಲ್ಲ. ಸಂಸ್ಥೆಗೆ ಪ್ರಾಯೋಜಕ ಪರವಾನಗಿ, ಅಂದರೆ ವಿದೇಶಿಯರನ್ನು ಈ ವೀಸಾದಲ್ಲಿ ಕರೆಸಿಕೊಳ್ಳುವ ಅನುಮತಿ, ಇದೆಯೇ ಎಂದು ಸರ್ಕಾರವೇ ಪ್ರಕಟಿಸುವ ಪಟ್ಟಿಯಲ್ಲಿ ನೋಡಿಕೊಳ್ಳುವುದು ಮುಖ್ಯ. ಸಿಂಗಪುರದಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶಿ ವೃತ್ತಿಪರರ ಕೆಲಸದ ಪರವಾನಗಿಯಾದ ಎಂಪ್ಲಾಯ್‌ಮೆಂಟ್ ಪಾಸ್‌ಗೆ, ಸಂಬಳ, ವಿದ್ಯಾರ್ಹತೆ, ಸಿಬ್ಬಂದಿಯ ರಾಷ್ಟ್ರೀಯತೆಯ ವೈವಿಧ್ಯ ಮುಂತಾದವನ್ನು ಅಳೆದು ಕೊಡುವ ಅಂಕಗಳಲ್ಲಿ ಸಾಮಾನ್ಯವಾಗಿ 40 ಬೇಕು, ಮತ್ತು ಸಂಸ್ಥೆಯ ವೃತ್ತಿಪರ ಸಿಬ್ಬಂದಿಯಲ್ಲಿ ಭಾರತೀಯರೇ ಕಾಲುಭಾಗ ಇದ್ದರೆ ವೈವಿಧ್ಯದ ಅಂಕ ನಮಗೆ ಸಿಗುವುದಿಲ್ಲ.

ಸೌದಿ ಅರೇಬಿಯಾವನ್ನು ನಾನು ಮೊದಲು ಪಟ್ಟಿಗೇ ಸೇರಿಸಿರಲಿಲ್ಲ. 2016ರಲ್ಲಿ ಘೋಷಿಸಿದ ವಿಷನ್ 2030ರ ಅಡಿಯಲ್ಲಿ ತೈಲದಾಚೆಗೆ ಉದ್ಯಮ ಬೆಳೆಸಲು ಹೊರಟ ಆ ದೇಶ, ತನ್ನಲ್ಲಿ ಪ್ರಾದೇಶಿಕ ಕೇಂದ್ರ ಕಚೇರಿಯಿಲ್ಲದ ವಿದೇಶಿ ಕಂಪನಿಗಳಿಗೆ 2024ರ ಜನವರಿಯಿಂದ ಸಾಮಾನ್ಯವಾಗಿ ಸರ್ಕಾರಿ ಗುತ್ತಿಗೆ ಕೊಡುವುದಿಲ್ಲವೆಂದು ನಿಯಮ ಮಾಡಿದ್ದರಿಂದ, ಕನ್ಸಲ್ಟಿಂಗ್ ಸಂಸ್ಥೆಗಳೂ ರಿಯಾದ್‌ನಲ್ಲಿ ಬೇರೂರಬೇಕಾಯಿತು. ಅಲ್ಲಿದ್ದ ನನ್ನ ಹಳೆಯ ಸಹೋದ್ಯೋಗಿ ಫೋನಿನಲ್ಲಿ ಒಂದು ಗಂಟೆ ವಿವರಿಸಿದರು: ಸಚಿವಾಲಯಗಳ ಕೆಲಸಕ್ಕೆ ಅರೇಬಿಕ್ ಬಲ್ಲವರನ್ನೇ ಕೇಳುತ್ತಾರೆ, ಕಾರ್ಖಾನೆಗಳ ಕೆಲಸಕ್ಕೆ ಇಂಗ್ಲಿಷ್ ಸಾಕು. ಈ ಒಂದು ಮಾತಿನಿಂದ ನಾನು ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕೆಂಬುದು ಖಚಿತವಾಯಿತು.

ಎರಡನೆಯ ಸಲ ಬೇರೆ ಸಂಸ್ಥೆಯ ರಿಯಾದ್ ಕಚೇರಿಯೊಂದಕ್ಕೇ, ಒಂದೇ ವಿಭಾಗಕ್ಕೆ ಬರೆದೆ. ರೆಸ್ಯೂಮೆಯ ಮೊದಲ ಸಾಲಿನಲ್ಲಿ ಸಿಮೆಂಟ್ ಗೂಡಿನ ಇಂಧನ ಉಳಿತಾಯದ ಕೆಲಸವನ್ನಿಟ್ಟೆ. ಮೂರು ಸಂದರ್ಶನಗಳಲ್ಲಿ ಎರಡು ಅದರ ಸುತ್ತಲೇ ನಡೆದವು. ಬೆಂಗಳೂರಿನಲ್ಲಿದ್ದುದಕ್ಕಿಂತ ಒಂದು ಶ್ರೇಣಿ ಕೆಳಗಿನ ಹುದ್ದೆ ಕೊಟ್ಟರು. ವೈಯಕ್ತಿಕ ಆದಾಯ ತೆರಿಗೆ ಇಲ್ಲದ ಸಂಬಳಕ್ಕೆ ಮಾರುಹೋಗದೆ, ಮನೆ ಬಾಡಿಗೆ, ಮಗಳ ಶಾಲಾ ಶುಲ್ಕ ಕಳೆದು ಲೆಕ್ಕ ಹಾಕಿದೆ. ಹನ್ನೆರಡು ತಿಂಗಳಿಗೆ ಬಡ್ತಿಯ ಪರಿಶೀಲನೆ ನಡೆಸುವುದಾಗಿ ಪತ್ರದಲ್ಲಿ ಬರೆಸಿಕೊಂಡ ಮೇಲೆಯೇ ಒಪ್ಪಿಗೆಯ ಸಹಿ ಮಾಡಿದೆ.