ದಿನ ತುಂಬದೆ ಹುಟ್ಟಿದ ಮಗುವಿನ ಚಲನೆಗೆ ಮನೆಯಲ್ಲಿ ಆಸರೆಯಾಗುವುದು ಹೇಗೆ?

ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಉಸಿರಾಟ, ಹಾಲು, ತೂಕ ಎಂಬ ಆತಂಕಗಳು ಆಸ್ಪತ್ರೆಯಲ್ಲೇ ಬಹುಪಾಲು ಕಳೆಯುತ್ತವೆ. ಮನೆಗೆ ಬಂದ ಮೇಲೆ ಹೆತ್ತವರನ್ನು ಕಾಡುವ ಪ್ರಶ್ನೆಗಳೇ ಬೇರೆ. ಕತ್ತು ಯಾವಾಗ ನಿಲ್ಲುತ್ತದೆ, ಯಾವಾಗ ಮಗುಚಿಕೊಳ್ಳುತ್ತದೆ, ಪಕ್ಕದ ಮನೆಯ ಮಗು ಕುಳಿತಾಗಿದೆ, ನಮ್ಮದೇಕೆ ಇನ್ನೂ ಕುಳಿತಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಒಂದು ಸಣ್ಣ ಲೆಕ್ಕವನ್ನು ಸರಿಯಾಗಿ ಮಾಡಿಕೊಳ್ಳಬೇಕು.

ಮೊದಲು ವಯಸ್ಸಿನ ಲೆಕ್ಕ

ಮಗು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನಾಂಕದಿಂದ ವಯಸ್ಸನ್ನು ಎಣಿಸಿ. ಇದಕ್ಕೆ ಸರಿಪಡಿಸಿದ ವಯಸ್ಸು ಎಂದು ಹೆಸರು. 30ನೇ ವಾರದಲ್ಲಿ ಹುಟ್ಟಿದ ಮಗು 10 ವಾರ ಮುಂಚೆ ಬಂದಿದೆ. ಅದಕ್ಕೆ 6 ತಿಂಗಳು ತುಂಬಿದ ದಿನ ಸರಿಪಡಿಸಿದ ವಯಸ್ಸು ಇನ್ನೂ 4 ತಿಂಗಳೂ ಆಗಿರುವುದಿಲ್ಲ. ಆ ದಿನ ಅದು ಕುಳಿತುಕೊಳ್ಳಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ. ಸಾಮಾನ್ಯವಾಗಿ 2 ವರ್ಷ ತುಂಬುವವರೆಗೂ ಬೆಳವಣಿಗೆಯನ್ನು ಈ ಲೆಕ್ಕದಲ್ಲೇ ಅಳೆಯುತ್ತಾರೆ. ಲಸಿಕೆಗಳಿಗೆ ಮಾತ್ರ ಈ ಲೆಕ್ಕ ಅನ್ವಯಿಸದು. ಅವನ್ನು ಹುಟ್ಟಿದ ದಿನದಿಂದ ಎಣಿಸಿಯೇ ಹಾಕಿಸಬೇಕು.

ಮಿದುಳಿನಲ್ಲಿ ನಡೆಯುತ್ತಿರುವುದೇನು?

24ನೇ ವಾರದಲ್ಲಿ ಭ್ರೂಣದ ಮಿದುಳಿನ ಮೇಲ್ಮೈ ಬಹುಮಟ್ಟಿಗೆ ನುಣುಪಾಗಿರುತ್ತದೆ. ನಾವು ಚಿತ್ರಗಳಲ್ಲಿ ನೋಡುವ ಆ ಮಡಿಕೆಗಳಲ್ಲಿ ಹೆಚ್ಚಿನವು ಮೂಡುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. 34ನೇ ವಾರದಲ್ಲಿಯೂ ಮಿದುಳಿನ ತೂಕ ಪೂರ್ಣಾವಧಿಯ ತೂಕದ ಸುಮಾರು ಮೂರನೇ ಎರಡರಷ್ಟು ಮಾತ್ರ. ಗರ್ಭದ ಕತ್ತಲಿನಲ್ಲಿ ಆಗಬೇಕಿದ್ದ ಈ ಕೆಲಸ ಬೆಳಕು, ಸದ್ದು, ಸೂಜಿಗಳ ನಡುವೆ ನಡೆಯುತ್ತದೆ.

ಮಿದುಳಿನ ಒಳಗೆ ದ್ರವ ತುಂಬಿದ ಕುಹರಗಳಿವೆ. ಅವುಗಳ ಅಂಚಿನಲ್ಲಿರುವ ರಕ್ತನಾಳಗಳು 32 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಲ್ಲಿ ಬಹಳ ತೆಳುವಾಗಿರುವುದರಿಂದ ಅಲ್ಲಿ ರಕ್ತಸ್ರಾವವಾಗುವ ಸಂಭವವಿದೆ. ನರತಂತುಗಳಿಗೆ ಹೊದಿಕೆ ಕಟ್ಟಬೇಕಾದ ಎಳೆಯ ಕೋಶಗಳು ಆಮ್ಲಜನಕದ ಕೊರತೆ ಮತ್ತು ಸೋಂಕಿಗೆ ಬೇಗ ಬಲಿಯಾಗುತ್ತವೆ. ಕಾಲುಗಳನ್ನು ಆಡಿಸುವ ನರತಂತುಗಳು ಈ ಕುಹರಗಳಿಗೆ ತೀರ ಹತ್ತಿರ ಹಾದುಹೋಗುತ್ತವೆ. ಇಂಥ ಮಕ್ಕಳಲ್ಲಿ ಕೈಗಿಂತ ಕಾಲುಗಳಲ್ಲಿ ಬಿಗಿತ ಹೆಚ್ಚಾಗಿ ಕಾಣಿಸಿಕೊಳ್ಳಲು ಕಾರಣ ಇದೇ. ನೆತ್ತಿಯ ಮೇಲೆ ಇಟ್ಟು ಮಾಡುವ ಅಲ್ಟ್ರಾಸೌಂಡ್ ಹುಡುಕುವುದು ಇಂತಹ ಗಾಯಗಳನ್ನೇ. ಆದರೆ ಅಲ್ಪ ಪ್ರಮಾಣದ ರಕ್ತಸ್ರಾವವಾದ ಎಷ್ಟೋ ಮಕ್ಕಳು ಚೆನ್ನಾಗಿ ನಡೆದಾಡುತ್ತಾರೆ. ಸ್ಕ್ಯಾನ್ ಸರಿಯಾಗಿದ್ದ ಕೆಲವರಿಗೆ ಮುಂದೆ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ ವರದಿ ಹೇಗೇ ಇರಲಿ, ಮಗುವಿನ ಚಲನೆಯನ್ನು ಗಮನಿಸುತ್ತಿರಬೇಕು.

ಎದೆಗೆ ಒತ್ತಿಕೊಳ್ಳುವುದು, ಮಲಗಿಸುವುದು

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ ಡಯಾಪರ್ ಮತ್ತು ಟೋಪಿ ಮಾತ್ರ ಹಾಕಿದ ಮಗುವನ್ನು ತಾಯಿಯ ಅಥವಾ ತಂದೆಯ ಬರಿಯ ಎದೆಯ ಮೇಲೆ ನೇರವಾಗಿ ಇರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಶಿಫಾರಸಿನಲ್ಲಿ ಇದನ್ನು ದಿನಕ್ಕೆ 8ರಿಂದ 24 ಗಂಟೆ ಮಾಡುವಂತೆ ಹೇಳಿದೆ. ಮಗುವಿನ ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಕಾಣುತ್ತಿರಲಿ, ಮಂಡಿಗಳು ಮಡಚಿರಲಿ. ನಿಮಗೆ ನಿದ್ದೆ ಬರುತ್ತಿದ್ದರೆ ಮಗುವನ್ನು ಹಾಸಿಗೆಗೆ ಹಾಕಿಬಿಡಿ.

ಮಡಚುವ ಮಾತು ಸುಮ್ಮನೆ ಹೇಳಿದ್ದಲ್ಲ. ಪೂರ್ಣಾವಧಿಯ ಮಗು ಕೊನೆಯ ವಾರಗಳಲ್ಲಿ ಗರ್ಭದ ಇಕ್ಕಟ್ಟಿನಲ್ಲಿ ಕೈಕಾಲು ಮುದುಡಿಕೊಂಡೇ ಬೆಳೆದಿರುತ್ತದೆ. ಬೇಗ ಹುಟ್ಟಿದ ಮಗುವಿಗೆ ಆ ಇಕ್ಕಟ್ಟು ಸಿಕ್ಕಿರುವುದಿಲ್ಲ, ಸ್ನಾಯುಗಳ ಬಿಗುಪೂ ಕಡಿಮೆ. ಹಾಗಾಗಿ ಅದು ಭುಜಗಳನ್ನು ಹಿಂದಕ್ಕೆ ಚೆಲ್ಲಿ, ಕಾಲುಗಳನ್ನು ಅಗಲಿಸಿ ಚಪ್ಪಟೆಯಾಗಿ ಮಲಗುತ್ತದೆ. ಎತ್ತಿಕೊಳ್ಳುವಾಗ ಮಗ್ಗುಲಿಗೆ ಹೊರಳಿಸಿ, ಎರಡೂ ಕೈಗಳನ್ನು ಎದೆಯ ಮುಂದೆ ಸೇರಿಸಿ ಎತ್ತಿ. ತನ್ನ ಕೈಗಳು ಒಂದನ್ನೊಂದು ಮುಟ್ಟುವುದು, ಬಾಯಿಗೆ ಹೋಗುವುದು ಮುಂದೆ ಆಟಿಕೆ ಹಿಡಿಯುವುದಕ್ಕೆ ಮೊದಲ ಪಾಠ.

ಬೋರಲು ಆಟ

ನಿದ್ದೆ ಯಾವಾಗಲೂ ಅಂಗಾತವೇ. ಎಚ್ಚರವಿದ್ದಾಗ, ನೀವು ಎದುರಿಗೇ ಇದ್ದಾಗ ಮಾತ್ರ ಬೋರಲು. ಆರಂಭದಲ್ಲಿ ಒರಗಿ ಕುಳಿತ ನಿಮ್ಮ ಎದೆಯ ಮೇಲೆಯೇ ಸಾಕು, ಒಂದೆರಡು ನಿಮಿಷ, ದಿನಕ್ಕೆ ಎರಡು ಮೂರು ಸಲ. ಅಲ್ಲಿಂದ ನೆಲದ ಹಾಸಿಗೆಗೆ ಬನ್ನಿ; ಎದೆಯ ಕೆಳಗೆ ಸಣ್ಣ ಟವಲಿನ ಸುರುಳಿ ಇಟ್ಟು, ಮೊಣಕೈಗಳು ಭುಜದ ಕೆಳಗೆ ಬರುವಂತೆ ಜೋಡಿಸಿ, ನಿಮ್ಮ ಮುಖವನ್ನು ಅದರ ಕಣ್ಣಿನ ಮಟ್ಟಕ್ಕೆ ತನ್ನಿ. ಆಟಿಕೆಗಿಂತ ಮುಖವೇ ಅದಕ್ಕೆ ಹೆಚ್ಚು ಆಕರ್ಷಕ. ಹಾಲು ಕುಡಿಸಿದ ಕೂಡಲೇ ಇದನ್ನು ಮಾಡಬೇಡಿ.

ಮಗು ಮುಖ ತಿರುಗಿಸಿದರೆ, ಪದೇಪದೇ ಆಕಳಿಸಿದರೆ, ಬಿಕ್ಕಳಿಸಿದರೆ, ಬೆರಳುಗಳನ್ನು ಅಗಲವಾಗಿ ಚಾಚಿದರೆ ಸಾಕಾಯಿತು ಎಂದೇ ಅರ್ಥ. ಅಲ್ಲಿಗೇ ನಿಲ್ಲಿಸಿ. ನನ್ನ ಅಭಿಪ್ರಾಯದಲ್ಲಿ ಗಡಿಯಾರ ನೋಡಿಕೊಂಡು ವ್ಯಾಯಾಮ ಮಾಡಿಸುವ ಮನೆಗಳಿಗಿಂತ ಈ ಸೂಚನೆಗಳನ್ನು ಓದಲು ಕಲಿತ ಮನೆಗಳಲ್ಲಿ ಮಗುವಿಗೆ ಹೆಚ್ಚು ಅನುಕೂಲ. ಚಕ್ರವಿರುವ ವಾಕರ್ ಮಾತ್ರ ಬೇಡವೇ ಬೇಡ. ಅದು ನಡಿಗೆಯನ್ನು ಬೇಗ ತರುವುದಿಲ್ಲ, ತುದಿಗಾಲಿನಲ್ಲಿ ತಳ್ಳುವ ಅಭ್ಯಾಸ ಬೆಳೆಸುತ್ತದೆ, ಬಿದ್ದು ಪೆಟ್ಟಾಗುವ ಅಪಾಯವೂ ಇದೆ; ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು.

ಯಾವಾಗ ತೋರಿಸಬೇಕು?

ಸರಿಪಡಿಸಿದ ವಯಸ್ಸಿನಲ್ಲಿ 4 ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಸದಾ ಬಿಗಿದೇ ಇದ್ದರೆ, ಡಯಾಪರ್ ಹಾಕುವಾಗ ತೊಡೆಗಳನ್ನು ಬಿಡಿಸುವುದು ಕಷ್ಟವಾಗುತ್ತಿದ್ದರೆ, ಕಾಲುಗಳು ಕತ್ತರಿಯಂತೆ ಹೆಣೆದುಕೊಂಡರೆ, 9 ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದಿದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಒಂದು ವರ್ಷಕ್ಕೆ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ಎಡಚನೋ ಬಲಚನೋ ಎಂದು ಸಂತೋಷಪಡುವ ಬದಲು ಇನ್ನೊಂದು ಕೈಯನ್ನು ಪರೀಕ್ಷಿಸಬೇಕು. ಬಂದ ಕೌಶಲ ಮತ್ತೆ ಮರೆಯಾದರೆ ಅಥವಾ ಮೈ ಮತ್ತೆ ಮತ್ತೆ ಅದುರಿದರೆ ಅದೇ ದಿನ ವೈದ್ಯರನ್ನು ಕಾಣಿರಿ. ಕೆಲವು ಮಕ್ಕಳಲ್ಲಿ ಮೊದಲ ವರ್ಷ ಕಾಣಿಸುವ ಬಿಗಿತ ತಾನಾಗಿ ಸಡಿಲಗೊಳ್ಳುತ್ತದೆ ಎಂಬುದು ನಿಜವಾದರೂ ಅದನ್ನು ನಿರ್ಧರಿಸಬೇಕಾದವರು ತಜ್ಞರು.

ಭೇಟಿಗೆ ಹೋಗುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಇರಲಿ. ಸರಿಪಡಿಸಿದ ವಯಸ್ಸು 3ರಿಂದ 5 ತಿಂಗಳ ನಡುವೆ ಇರುವಾಗ ಎಲ್ಲ ದಿಕ್ಕಿಗೂ ಹರಿದಾಡುವ ಸಣ್ಣ ಸಣ್ಣ ಚಲನೆಗಳು ಕತ್ತು, ಸೊಂಟ, ಮಣಿಕಟ್ಟುಗಳಲ್ಲಿ ಕಾಣಿಸುತ್ತವೆ. ತರಬೇತಿ ಪಡೆದ ಕಣ್ಣಿಗೆ ಅವು ಇರುವುದೂ ಇಲ್ಲದಿರುವುದೂ ಬಹಳಷ್ಟನ್ನು ಹೇಳುತ್ತದೆ. ಮಗು ಎಚ್ಚರವಾಗಿ, ಅಳದೆ, ಕೈಕಾಲು ಕಾಣುವಷ್ಟು ಕಡಿಮೆ ಬಟ್ಟೆಯಲ್ಲಿ ಅಂಗಾತ ಮಲಗಿರಲಿ. ಎದುರಿಗೆ ಗಿಲಕಿ ಆಡಿಸದೆ, ಮಾತನಾಡಿಸದೆ, ಇಡೀ ಮೈ ಕಾಣುವಂತೆ ಮೇಲಿನಿಂದ ಮೂರು ನಿಮಿಷ ಚಿತ್ರಿಸಿಕೊಳ್ಳಿ.